ಕೂದಲೆಳೆಯ ಕೆಂಪಂಗಿ

ನಮ್ಮ ಮ್ಯಾನೇಜರನ್ನು ನಾನು ಇಸ್ತ್ರಿ ಮಾಡಿದ್ದೇನೆ. ಅವನ ಅಂಗಿಯನ್ನಲ್ಲ, ಅವನನ್ನು. ಬೂಟು, ಬೆಲ್ಟು, ಕನ್ನಡಕ ಸಮೇತ ರೋಲರಿನ ಈ ಕಡೆಯಿಂದ ಒಳಗೆ ಬಿಟ್ಟೆ. ಆ ಕಡೆಯಿಂದ ಹೊಗೆಯಾಡುತ್ತ, ಒಂದು ಸುಕ್ಕೂ ಇಲ್ಲದೆ ಹೊರಗೆ ಬಂದ. ಉದ್ದಕ್ಕೆ ಎರಡು ಮಡಿಕೆ, ಅಡ್ಡಕ್ಕೆ ಎರಡು ಮಡಿಕೆ ಹಾಕಿ, ಆಸ್ಪತ್ರೆಯ ಬೆಡ್‌ಶೀಟುಗಳ ಕಟ್ಟಿನ ಮಧ್ಯೆ ಇಟ್ಟು ವ್ಯಾನಿಗೆ ಏರಿಸಿದೆ. ಅವನ ಹೆಂಡತಿ ಈಗಲೂ ಅವನನ್ನು ಬೀರುವಿನಲ್ಲಿ ಇಟ್ಟಿದ್ದಾಳೆ. ನೆಂಟರು ಬಂದಾಗ ಮಾತ್ರ ತೆಗೆದು ಹಾಸುತ್ತಾಳೆ.

ನಂಬುವುದಿಲ್ಲವೇ? ಬೇಡ ಬಿಡಿ. ಲಾಂಡ್ರಿಯ ಗೇಟಿನ ಎದುರು ಟೀ ಮಾರುವವನೂ ನಂಬುವುದಿಲ್ಲ. ಆದರೂ ಸಂಜೆಯಾದರೆ ಸಾಕು, ಬೆಂಚು ಒರೆಸಿ, "ಬಾರಯ್ಯ ಬಡಾಯಿ, ಇವತ್ತು ಅವನನ್ನ ಎಷ್ಟು ಮಡಿಕೆ ಮಾಡ್ತೀಯ ನೋಡೋಣ" ಅನ್ನುತ್ತಾನೆ. ಬಡಾಯಿ ಎಂಬುದು ನನ್ನ ಹೆಸರಲ್ಲ, ಬಿರುದು. ಹೆಸರು ಅಪ್ಪ ಅಮ್ಮ ಪುಕ್ಕಟೆ ಕೊಟ್ಟದ್ದು. ಬಿರುದನ್ನು ನಾನೇ ದುಡಿದು ಸಂಪಾದಿಸಿದ್ದು. ನಿನ್ನೆ ಸಂಜೆಯೂ ಆ ಬೆಂಚಿನ ಮೇಲೆ ಕೂತು ವ್ಯಾನ್ ಡ್ರೈವರುಗಳ ಮುಂದೆ ಇದೇ ಕಥೆ ಹೇಳಿದೆ. ಅಲ್ಲಿ ಹೇಳಿದ ಹಾಗೆಯೇ ಇಲ್ಲೂ ಹೇಳುತ್ತೇನೆ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆಗಳ ಬಟ್ಟೆ, ಹೋಟೆಲುಗಳ ಬಟ್ಟೆ ಅಲ್ಲಿಗೆ ಬರುತ್ತದೆ. ಬರುವಾಗ ಅದರಲ್ಲಿ ರಕ್ತ, ಕೀವು, ಮೂತ್ರ, ವಾಂತಿ ಎಲ್ಲವೂ ಇರುತ್ತದೆ. ಹೋಗುವಾಗ ಬೆಳದಿಂಗಳು. ನಡುವಿನ ಕೊಳೆ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮೈಗೆ ಹೋಯಿತು. ಹೆಂಗಸರ ಬೆರಳ ಸಂದುಗಳು ಬ್ಲೀಚಿಂಗ್ ನೀರಿಗೆ ಬೆಂದು ಬೆಳ್ಳಗೆ ಸಿಪ್ಪೆ ಏಳುತ್ತವೆ. ಕಾಲು ಸದಾ ಒದ್ದೆ, ತಲೆ ಸದಾ ಕಾದಿರುತ್ತದೆ. ಮನೆಗೆ ಹೋಗಿ ತುತ್ತು ಬಾಯಿಗಿಟ್ಟರೆ ಮೊದಲು ಬ್ಲೀಚಿಂಗ್ ವಾಸನೆ, ಆಮೇಲೆ ಅನ್ನ.

ನಾನು ಅಲ್ಲಿ ಎಣ್ಣೆಯವನು. ಯಂತ್ರಗಳಿಗೆ ಎಣ್ಣೆ ಹಾಕುವುದು, ಬೆಲ್ಟು ಬದಲಿಸುವುದು, ಬೈಗುಳ ತಿನ್ನುವುದು ನನ್ನ ಕೆಲಸ. ಕಿವಿ ಇಟ್ಟರೆ ಸಾಕು, ಯಾವ ಮೋಟಾರಿಗೆ ನೆಗಡಿಯಾಗಿದೆ ಎಂದು ಹೇಳಿಬಿಡುತ್ತಿದ್ದೆ. ಒಮ್ಮೆ ಕೆಟ್ಟು ಕೂತ ಬಾಯ್ಲರನ್ನು ನಾನು ದುರುಗುಟ್ಟಿ ನೋಡಿದ್ದಕ್ಕೆ ಅದು ಹೆದರಿ ತಾನಾಗಿಯೇ ರಿಪೇರಿಯಾಗಿತ್ತು.

ಕಾರ್ಖಾನೆಯ ದೊರೆ ಎಂದರೆ ರೋಲರು. ಕೆಳಗೆ ಕಾದ ಉಕ್ಕಿನ ಹಾಸು, ಅದರ ಮೇಲೆ ದಪ್ಪ ಪ್ಯಾಡು ಸುತ್ತಿದ ಉರುಳೆ. ಆ ಬಿಸಿಗೆ ಸೂರ್ಯ ಕೂಡ ನಮ್ಮ ಛಾವಣಿಯ ಮೇಲೆ ಬಂದಾಗ ಬೆವರು ಒರೆಸಿಕೊಂಡು ಮುಂದೆ ಹೋಗುತ್ತಿದ್ದ. ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಅಂಚನ್ನು ಸಂದಿಗೆ ಕೊಡಬೇಕು. ರೋಲರು ಎಳೆದುಕೊಳ್ಳುತ್ತದೆ. ಕೊಟ್ಟ ಕ್ಷಣವೇ ಕೈ ಹಿಂದಕ್ಕೆ ತೆಗೆಯಬೇಕು. ಬಟ್ಟೆ ಯಾವುದು, ಬೆರಳು ಯಾವುದು ಎಂದು ರೋಲರಿಗೆ ಗೊತ್ತಿಲ್ಲ. ಅದಕ್ಕೇ ಸಂದಿಯ ಮುಂದೆ ಒಂದು ಅಡ್ಡಕಂಬಿ ಇರುತ್ತದೆ. ಕೈ ತಾಗಿ ಕಂಬಿ ಒಂದಿಷ್ಟು ಒಳಗೆ ಸರಿದರೂ ರೋಲರು ತಟ್ಟನೆ ನಿಲ್ಲಬೇಕು.

ಆದರೆ ಒದ್ದೆ ಬಟ್ಟೆ ಮುದ್ದೆಯಾಗಿ ಬಂದು ಕಂಬಿಗೆ ತಾಗಿದರೂ ರೋಲರು ನಿಲ್ಲುತ್ತಿತ್ತು. ಬಿಸಿ ಹಾಸಿನ ಮೇಲೆ ನಿಂತ ರೋಲರಿನ ಪ್ಯಾಡು ಸುಡುತ್ತದೆ. ಪ್ಯಾಡು ಸುಟ್ಟರೆ ಹೊಸದು ಸುತ್ತುವವರೆಗೆ ಕೆಲಸ ಬಂದ್. ಮ್ಯಾನೇಜರಿಗೆ ಅದು ಆಗುತ್ತಿರಲಿಲ್ಲ. ಆಗ ಇದ್ದ ಹಳೆಯ ಫಿಟ್ಟರನ್ನು ಕರೆದು ಕಂಬಿಗೆ ತಂತಿ ಸುತ್ತಿ ಬಿಗಿಯಾಗಿ ಕಟ್ಟಿಸಿದ. ಅಂದಿನಿಂದ ಕಂಬಿ ಅಲ್ಲೇ ಇತ್ತು, ನೋಡುವವರ ಕಣ್ಣಿಗೆ.

ಈ ಮ್ಯಾನೇಜರನ್ನು ನಾವು ಕಾಲರ್ ಅನ್ನುತ್ತಿದ್ದೆವು. ಅವನ ಅಂಗಿಯ ಕಾಲರು ತಗಡಿನಷ್ಟು ಗಡುಸು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದ. ಆ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡುತ್ತಿದ್ದದ್ದು ನಮ್ಮ ಅತ್ತಿಗೆ. ನನ್ನ ಅಣ್ಣನ ಹೆಂಡತಿ. ಅಣ್ಣ ಲಾರಿ ಹತ್ತಿ ಹೋದರೆ ಯಾವಾಗಲೋ ಒಮ್ಮೆ ಬರುತ್ತಾನೆ. ಮನೆ ನಡೆಸುವವಳು ಅತ್ತಿಗೆ, ನನ್ನ ಬಾಯಿ ಮುಚ್ಚಿಸುವವಳೂ ಅವಳೇ. ರೋಲರಿಗೆ ಬಟ್ಟೆ ಕೊಡುವುದರಲ್ಲಿ ಅವಳು, ಅವಳ ಜೊತೆಗಾತಿ ದಪ್ಪಕ್ಕ, ಇಬ್ಬರೂ ಎಷ್ಟು ಚುರುಕೆಂದರೆ, ಅವರು ಕೊಟ್ಟ ಬೆಡ್‌ಶೀಟು ಹೊರಗೆ ಬಂದ ಮೇಲೆ ಒಳಗೆ ಹೋಗುತ್ತಿತ್ತು.

ಒಂದು ದಿನ ಗೋಡೆಯ ಮೇಲೆ ಬೋರ್ಡು ಬಂತು. ಕೂದಲೆಳೆಯಲ್ಲಿ ತಪ್ಪಿದ್ದನ್ನು ಹೇಳಿ, ನಾಳಿನ ಅಪಘಾತ ತಡೆಯಿರಿ, ಎಂದು. ಮೇಲಿನ ಆಫೀಸಿನಿಂದ ಬಂದ ಯೋಜನೆ. ಕಾಲು ಜಾರಿ ಬೀಳದೆ ಉಳಿದರೆ, ಬಿಸಿನೀರಿನ ಪೈಪು ಬಿಚ್ಚಿಕೊಂಡು ಮುಖಕ್ಕೆ ಸ್ವಲ್ಪದರಲ್ಲಿ ತಪ್ಪಿದರೆ, ಬಂದು ಹೇಳಬೇಕು. ಹೇಳಿದರೆ ಸರಿಪಡಿಸುತ್ತಾರೆ, ನಾಳೆ ಇನ್ನೊಬ್ಬರ ಮುಖ ಉಳಿಯುತ್ತದೆ. ಮಾತು ಒಳ್ಳೆಯದೇ. ನಮ್ಮ ಬಾಯಲ್ಲಿ ಅದಕ್ಕೆ ಬರೀ ಕೂದಲೆಳೆ ಎಂದು ಹೆಸರಾಯಿತು. ನಡೆಸುವ ಕೈ ಮಾತ್ರ ಕಾಲರ್‌ದು.

ಕಾಲರ್ ಅದಕ್ಕೆ ತನ್ನದೊಂದು ಪದ್ಧತಿ ಸೇರಿಸಿದ. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಎಲ್ಲರೂ ಸಾಲಾಗಿ ನಿಲ್ಲಬೇಕು. ಕೂದಲೆಳೆ ಹೇಳುವವರು ಮುಂದೆ ಬಂದು, ಬೋರಲು ಹಾಕಿದ ಸೋಪಿನ ಕ್ರೇಟಿನ ಮೇಲೆ ಹತ್ತಬೇಕು. ಏನಾಯಿತು ಎಂದು ಹೇಳಬೇಕು. ಹೇಳಿ ಮುಗಿಸಿದ ಮೇಲೆ 'ತಪ್ಪು ನನ್ನದು' ಅನ್ನಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಆಮೇಲೆ ತೋಳಿಲ್ಲದ ಒಂದು ಕೆಂಪಂಗಿ ತೊಡಿಸುತ್ತಿದ್ದ. ಇನ್ನೊಬ್ಬರು ಬಂದು ಕೂದಲೆಳೆ ಹೇಳುವವರೆಗೆ ಆ ಅಂಗಿ ಮೈಯಿಂದ ಇಳಿಯುವಂತಿಲ್ಲ. ಕೆಂಪಂಗಿಯವರಿಗೆ ಓವರ್‌ಟೈಮ್ ಇಲ್ಲ. ಕಕ್ಕಸು ತೊಳೆಯುವ ಸರದಿ ಅವರದೇ. ಎಲ್ಲರದೂ ಆದ ಮೇಲೆ ಅವರ ಊಟ.

ಅಂಗಿ ತೊಟ್ಟವಳು ಇನ್ನೊಬ್ಬಳು ಜಾರುವುದನ್ನೇ ಕಾಯುತ್ತ ಇರಬೇಕು. ಜಾರಿ ಉಳಿದವಳ ಕೈ ಹಿಡಿದು ಪೆಟ್ಟಾಯಿತಾ ಎಂದು ಕೇಳುತ್ತಿದ್ದ ಬಾಯಿ ಈಗ, ಹೇಳುತ್ತೀಯಾ ಎಂದು ಕೇಳುತ್ತಿತ್ತು. ಗೆಳತಿಯರು ಗೆಳತಿಯರ ಕಾಲನ್ನು ನೋಡತೊಡಗಿದರು. ಮಡಿಕೆ ಹಾಕುವ ಮೇಜಿನಲ್ಲಿ ಜೊತೆಯಾಗಿ ದುಡಿಯುತ್ತಿದ್ದ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟರು. ಕಾಲರ್ ಒಂದು ಮೀಟರು ಕೆಂಪು ಬಟ್ಟೆಯಲ್ಲಿ ನಮ್ಮನ್ನೆಲ್ಲ ಹರಿದು ಹಾಕಿದ.

ಹೇಳುವವರು ಕಡಿಮೆಯಾದರು. ಪೈಪು ಮೊದಲಿನ ಹಾಗೇ ಬಿಚ್ಚಿಕೊಳ್ಳುತ್ತಿತ್ತು. ನೆಲ ಮೊದಲಿನ ಹಾಗೇ ಜಾರುತ್ತಿತ್ತು. ಬಾಯಿಗಳು ಮಾತ್ರ ಬಂದ್ ಆದವು. ಬಿಡದೆ ಹೇಳುತ್ತಿದ್ದವಳು ಒಬ್ಬಳೇ, ಅತ್ತಿಗೆ.

ಮೊದಲ ಸಲ, ಬೆಡ್‌ಶೀಟಿನ ಅಂಚು ಬೆರಳಿಗೆ ಸುತ್ತಿಕೊಂಡಿತ್ತು, ಕೈ ಕಂಬಿಗೆ ತಾಗಿದರೂ ರೋಲರು ನಿಲ್ಲಲಿಲ್ಲ, ಕಿತ್ತುಕೊಂಡೆ, ಕಂಬಿಯ ತಂತಿ ಬಿಚ್ಚಿಸಿ ಎಂದಳು. ತಂತಿಯ ವಿಷಯ ಬೇಡ, ನೀನು ಮಾಡಿದ ತಪ್ಪು ಏನು ಅದನ್ನು ಹೇಳು ಎಂದ ಕಾಲರ್. ಎರಡನೆಯ ಸಲ ಅದೇ ರೋಲರು, ಅದೇ ತಂತಿ. ನಿನಗೆ ಕೆಂಪು ಅಂದರೆ ಇಷ್ಟ ಅಂತ ಕಾಣುತ್ತೆ ಎಂದು ನಗೆಯಾಡಿದ. ನಗಬೇಕಾಗಿತ್ತು, ನಾವು ನಕ್ಕೆವು. ಬೇರೆ ಯಾರೂ ಹೇಳದ ಮೇಲೆ ಅಂಗಿ ಅವಳ ಮೈಮೇಲೇ ಉಳಿಯಿತು. ಒಗೆದು ಒಗೆದು ಅಂಗಿಯ ಬಣ್ಣ ಬಿಳಿಚಿತು, ಆ ಕೆಂಪೆಲ್ಲ ಅವಳ ಕಣ್ಣಿಗೆ ಇಳಿಯಿತು.

ಇಲ್ಲಿಂದ ಸ್ವಲ್ಪ ದೂರ ನಾನು ಏನನ್ನೂ ಸೇರಿಸುವುದಿಲ್ಲ. ಟೀ ಅಂಗಡಿಯಲ್ಲೂ ಸೇರಿಸುವುದಿಲ್ಲ.

ಹರಿದ ಬೆಡ್‌ಶೀಟು. ಅಂಚಿನ ದಾರ ಅತ್ತಿಗೆಯ ಎಡಗೈಗೆ ಸುತ್ತಿಕೊಂಡಿತು. ರೋಲರು ದಾರ ಎಳೆಯಿತು. ದಾರ ಕೈ ಎಳೆಯಿತು. ಕೈ ಕಂಬಿಗೆ ಬಡಿಯಿತು. ಕಂಬಿ ಅಲುಗಲಿಲ್ಲ. ಅತ್ತಿಗೆ ಕೂಗಿದಳು. ನಾನು ಬಾಯ್ಲರಿನ ಹತ್ತಿರ ಇದ್ದೆ. ಓಡಿದೆ. ರೋಲರಿನ ಪಕ್ಕದ ಕಂಬದಲ್ಲಿ ನಿಲ್ಲಿಸುವ ಗುಂಡಿ ಇದೆ. ಗುಂಡಿಯ ಪಕ್ಕದಲ್ಲೇ ಕಾಲರ್ ನಿಂತಿದ್ದ. ದಪ್ಪಕ್ಕ ಗುಂಡಿಗೆ ಕೈ ಚಾಚಿದಳು. ಕಾಲರ್ ಅಡ್ಡ ಬಂದ.

"ಮೊದಲು ರೋಲರ್ ಎತ್ತು. ಹಾಗೇ ನಿಲ್ಲಿಸಿದ್ರೆ ಪ್ಯಾಡ್ ಸುಡುತ್ತೆ."

ಎತ್ತಬೇಕಾದರೆ ಚಕ್ರ ತಿರುಗಿಸಬೇಕು. ಚಕ್ರ ಇರುವುದು ಆ ತುದಿಯಲ್ಲಿ. ದಪ್ಪಕ್ಕ ಆ ತುದಿಗೆ ಓಡಿದಳು. ಅವಳು ಓಡುವಷ್ಟು ಹೊತ್ತು ರೋಲರು ತಿರುಗಿತು.

ಮೂರು ಬೆರಳು ಹೋದವು. ಪ್ಯಾಡು ಸುಡಲಿಲ್ಲ.

ಗಾಯ ಸರಿಯಾಗಿ ಮಾಯುವ ಮೊದಲೇ ಅವಳನ್ನು ಕರೆಸಿದ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಕ್ರೇಟು ತರಿಸಿದ. ಇದು ಕೂದಲೆಳೆಯಲ್ಲ ಸಾರ್, ಬೆರಳೇ ಹೋಗಿವೆ, ಎಂದು ದಪ್ಪಕ್ಕ ಗೊಣಗಿದಳು. ಹೇಳಿದರೆ ಕೆಲಸ ಉಂಟು, ಹೇಳದಿದ್ದರೆ ಇಲ್ಲ, ಎಂದ ಕಾಲರ್. ಅತ್ತಿಗೆ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಕ್ರೇಟು ಹತ್ತಿದಳು. ತಪ್ಪು ನನ್ನದು ಎಂದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ಅವಳನ್ನು ರೋಲರಿನಿಂದ ತೆಗೆದು ಕೊಳೆ ಬಟ್ಟೆಯ ಕೋಣೆಗೆ ಹಾಕಿದ.

ಮನೆಗೆ ಬಂದು ಅವಳು ಅಳಲಿಲ್ಲ. ಒಂದೂವರೆ ಕೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಾತ್ರೆ ಜಾರಿ ಜಾರಿ ಬೀಳುತ್ತಿತ್ತು. ನಾನು ಎದುರು ನಿಂತು ವೀರಾವೇಶದಿಂದ ಮಾತಾಡಿದೆ. ಅವನನ್ನು ಬಾಯ್ಲರಿನಲ್ಲಿ ಬೇಯಿಸುತ್ತೇನೆ, ಹಿಂಡುವ ಯಂತ್ರದಲ್ಲಿ ಹಿಂಡುತ್ತೇನೆ, ಚರ್ಮ ಸುಲಿದು ತಂತಿಯ ಮೇಲೆ ಒಣಹಾಕುತ್ತೇನೆ ಎಂದೆ.

"ಮೊದಲು ಆ ಬಿದ್ದಿರೋ ಚೊಂಬು ಎತ್ತಿಡು," ಎಂದಳು ಅತ್ತಿಗೆ.

ಎತ್ತಿಟ್ಟೆ. ಆಗ ಹೇಳಿದಳು.

"ಬೆರಳು ವಾಪಸ್ ಬರೋದಿಲ್ಲ, ಗೊತ್ತು. ಆ ಮಾತು ಅವನ ಬಾಯಲ್ಲಿ ಬರ್ಬೇಕು. ನನ್ನನ್ನ ಹತ್ತಿಸಿದ ಕ್ರೇಟು ಅವನೂ ಹತ್ತಬೇಕು, ಎಲ್ಲರೆದುರಿಗೆ ಅನ್ಬೇಕು. ಅವನು ಅನ್ನೋದನ್ನ ನಾನು ಕೂತು ನೋಡ್ಬೇಕು. ಅಲ್ಲೀವರೆಗೆ ನಾನು ಆ ಕೆಲಸ ಬಿಡೋದಿಲ್ಲ."

ಬಿಡಲಿಲ್ಲ. ದಿನಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೆಣ ಹೊದ್ದ ಬೆಡ್‌ಶೀಟುಗಳನ್ನು ಬಿಡಿಸುತ್ತ ಕಾದಳು.

ಅವಳ ಬೆರಳು ಹೋದ ಮೇಲೆ ಕೂದಲೆಳೆ ಹೇಳುವ ಒಂದು ಬಾಯಿಯೂ ಉಳಿಯಲಿಲ್ಲ. ಬೋರ್ಡಿನ ಮೇಲೆ ಬರೆಯುವ ತಿಂಗಳ ಲೆಕ್ಕ ಸೊನ್ನೆ ಬಂತು. ಮುಂದಿನ ತಿಂಗಳೂ ಸೊನ್ನೆ. ಕಾಲರ್ ಆ ಸೊನ್ನೆಯನ್ನು ಮಗುವಿನ ಮೂಗು ಒರೆಸುವಂತೆ ದಿನಾ ಒರೆಸುತ್ತಿದ್ದ. ಮೇಲಿನ ಆಫೀಸಿನವರು ಬೆನ್ನು ತಟ್ಟಿದರು. ದೊಡ್ಡ ಆಸ್ಪತ್ರೆಯೊಂದು ತನ್ನ ಬಟ್ಟೆಯನ್ನೆಲ್ಲ ನಮಗೇ ಕೊಡುವ ಮಾತು ಬಂತು. ಕೊಡುವ ಮೊದಲು ಇಲ್ಲಿ ಕೆಲಸಗಾರರು ಎಷ್ಟು ಸುರಕ್ಷಿತ ಎಂದು ನೋಡಲು ಆ ಆಸ್ಪತ್ರೆಯ ಮೇಡಂ ಒಬ್ಬರು ಬರುವವರಿದ್ದರು. ಕಾಲರ್ ನನ್ನನ್ನು ಒಳಗೆ ಕರೆದ. ಕಂಬಿಯ ತಂತಿ ಬಿಚ್ಚಿಡು, ಅವರ ಕಾರು ಗೇಟು ದಾಟಿದ ಮೇಲೆ ಮತ್ತೆ ಕಟ್ಟು, ಎಂದ.

ಅವರು ಬರುವ ದಿನ ಬೆಳಿಗ್ಗೆ ಬಿಚ್ಚಿದೆ. ಬಿಚ್ಚಿ ಕಂಬಿಯನ್ನು ತಳ್ಳಿ ನೋಡಿದೆ. ಅಲುಗಲಿಲ್ಲ. ಇಷ್ಟು ಕಾಲ ಕಟ್ಟಿಹಾಕಿದ್ದ ಕಂಬಿಯ ಬುಡದಲ್ಲಿ ಬಟ್ಟೆಯ ನಾರು, ಉಕ್ಕಿಗೆ ಸವರುವ ಮೇಣ, ತುಕ್ಕು ಎಲ್ಲ ಸೇರಿ ಕಲ್ಲಾಗಿತ್ತು. ಹೆಗಲು ಕೊಟ್ಟು ತಳ್ಳಿದೆ. ಊಹೂಂ. ಬಿಚ್ಚಿಸಿದ ಕಾಲರ್ ಇದನ್ನು ಕೇಳಲಿಲ್ಲ. ತಂತಿ ಹೋದರೆ ಕಂಬಿಗೆ ಜೀವ ಬರುತ್ತದೆ ಎಂದುಕೊಂಡಿದ್ದ. ಕೈ ಹಾಕದವನ ಲೆಕ್ಕಾಚಾರ.

ನಿಯಮದ ಪ್ರಕಾರ ಇದು ಕೂದಲೆಳೆ. ನಾನು ಹೋಗಿ ಹೇಳಬೇಕು. ಓಡಿದೆ, ಆದರೆ ಕಾಲರ್ ಹತ್ತಿರ ಅಲ್ಲ. ಕೊಳೆ ಬಟ್ಟೆಯ ಕೋಣೆಗೆ. ಅತ್ತಿಗೆ ಎರಡು ಬೆರಳಿನ ಎಡಗೈಯಿಂದ ಬೆಡ್‌ಶೀಟು ಒತ್ತಿ ಹಿಡಿದು ಬಲಗೈಯಲ್ಲಿ ಸೂಜಿ ಹುಡುಕುತ್ತಿದ್ದಳು. ಆಸ್ಪತ್ರೆಯವರು ಚುಚ್ಚಿದ ಸೂಜಿಯನ್ನು ಬಟ್ಟೆಯಲ್ಲೇ ಸುತ್ತಿ ಕಳಿಸುತ್ತಾರೆ.

"ಕಂಬಿ ಸತ್ತಿದೆ ಅತ್ತಿಗೆ. ಸಾಹೇಬನಿಗೆ ಹೇಳ್ಲಾ?"

ಅವಳು ತಲೆ ಎತ್ತಲಿಲ್ಲ. "ಹೇಳಿದೋರಿಗೆ ಇಲ್ಲಿ ಏನು ಸಿಗುತ್ತೆ?"

"ಕೆಂಪಂಗಿ."

"ನಿನ್ನ ಬಣ್ಣಕ್ಕೆ ಕೆಂಪು ಒಪ್ಪೋದಿಲ್ಲ. ಸುಮ್ನಿರು." ಒಂದು ಸೂಜಿ ಸಿಕ್ಕಿತು. ಅದನ್ನು ಡಬ್ಬಿಗೆ ಹಾಕಿದಳು. "ಅವನಿಗೆ ಸೊನ್ನೆ ಬೇಕು ತಾನೇ. ಸೊನ್ನೆ ಕೊಡು. ದಪ್ಪಕ್ಕನಿಗೆ ಮಾತ್ರ ಹೇಳು, ಇವತ್ತು ಕೈ ದೂರ ಇಟ್ಕೊಂಡು ಬಟ್ಟೆ ಕೊಡ್ಲಿ."

ದಪ್ಪಕ್ಕನಿಗೆ ಹೇಳಿದೆ. ದಪ್ಪಕ್ಕ ಮಡಿಕೆಯವರಿಗೆ ಹೇಳಿದಳು. ಮಡಿಕೆಯವರು ಒಣಗಿಸುವವರಿಗೆ. ಮಾತು ಬಿಟ್ಟಿದ್ದ ಅಕ್ಕ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದಳು. ಹಾಗಾಗಿ ಆ ದಿನ ನಾವು ಕೂದಲೆಳೆ ಹೇಳಲಿಲ್ಲ ಅನ್ನಬೇಡಿ. ಆ ಕಾರ್ಖಾನೆಯಲ್ಲಿ ಕೂದಲೆಳೆಯನ್ನು ಅಷ್ಟು ಚೆನ್ನಾಗಿ ಹೇಳಿದ್ದು ಅದೇ ಮೊದಲು. ಒಂದು ಕಿವಿ ಬಿಟ್ಟು ಎಲ್ಲ ಕಿವಿಗೂ ತಲುಪಿತ್ತು.

ಮೇಡಂ ಬಂದರು. ಕೈಯಲ್ಲಿ ಪೆನ್ನು, ಕಾಲಿಗೆ ಸದ್ದು ಮಾಡದ ಚಪ್ಪಲಿ. ಬೋರ್ಡಿನ ಮುಂದೆ ತುಂಬ ಹೊತ್ತು ನಿಂತರು. ಸೊನ್ನೆಯೇ, ಒಂದೂ ಇಲ್ಲವೇ, ಎಂದು ಎರಡು ಸಲ ಕೇಳಿದರು. ನಮ್ಮ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟೋ ಬರುತ್ತವೆ, ಇಲ್ಲಿ ಯಾರೂ ಹೇಳುವುದೇ ಇಲ್ಲವೇ, ಎಂದರು. ಹೇಳುವಂಥದ್ದು ನಡೆಯುವುದೇ ಇಲ್ಲ ಮೇಡಂ, ತರಬೇತಿ ಹಾಗಿದೆ, ಎಂದು ಕಾಲರ್ ಹಲ್ಲು ಕಿರಿದ. ಅವರು ಪೆನ್ನಿನ ತುದಿಯಿಂದ ರೋಲರಿನ ಕಂಬಿ ತೋರಿಸಿದರು. ಇದು ಕೆಲಸ ಮಾಡುತ್ತದೆಯೇ, ತೋರಿಸಿ, ಎಂದರು.

ಕಾಲರ್‌ಗೆ ಹಿಗ್ಗು. ಇದಕ್ಕೇ ತಂತಿ ಬಿಚ್ಚಿಸಿದ್ದ. ಅತ್ತಿಗೆಯನ್ನು ಕರೆಸಿದ. ಅವಳ ಎಡಗೈಯ ಮಣಿಕಟ್ಟು ಹಿಡಿದು ಮೇಲೆತ್ತಿದ, ಹರಿದ ಬಟ್ಟೆಯನ್ನು ಗಿರಾಕಿಗೆ ತೋರಿಸುವ ಹಾಗೆ. ಈ ಹೆಂಗಸು ತನ್ನ ಬೇಜವಾಬ್ದಾರಿಯಿಂದ ಬೆರಳು ಕಳೆದುಕೊಂಡಳು, ತಪ್ಪು ಒಪ್ಪಿಕೊಂಡಳು, ಆದರೂ ನಾವು ಕೆಲಸದಿಂದ ತೆಗೆಯಲಿಲ್ಲ, ಈಗ ಅವಳೇ ತೋರಿಸುತ್ತಾಳೆ, ಎಂದ. ಮಣಿಕಟ್ಟು ಬಿಡಲಿಲ್ಲ. ಅತ್ತಿಗೆಯ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ.

"ಕಂಬಿ ಮೇಲೆ ಕೈ ಇಡಮ್ಮ."

"ಇಡೋದಿಲ್ಲ."

ರೋಲರು ತಿರುಗುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ಅವನು ಬಗ್ಗಿದ.

"ಇಡೋದಿಲ್ಲ ಸಾರ್. ನನ್ನ ಹತ್ರ ಉಳಿದಿರೋದೇ ಕಡಿಮೆ. ನಿಮ್ಮ ಹತ್ರ ಹತ್ತೂ ಇದೆ. ನೀವೇ ಇಡಿ."

ದಪ್ಪಕ್ಕ ಮೂಗಿನಲ್ಲಿ ನಕ್ಕಳು. ಕಾಲರ್‌ನ ಕಿವಿ ಕೆಂಪಾಯಿತು. ಓದಿಲ್ಲದ ಜನ ಮೇಡಂ, ಸುಮ್ಮಸುಮ್ಮನೆ ಹೆದರುತ್ತಾರೆ, ಎಂದ. ಅತ್ತಿಗೆಯ ಕೈ ಬಿಟ್ಟ. ತೋಳು ಕೂಡ ಮಡಚದೆ, ಕಫ್‌ಲಿಂಕ್ ಹಾಕಿದ ಬಲಗೈಯನ್ನು ಅಗಲಿಸಿ ಕಂಬಿಯ ಮೇಲಿಟ್ಟು ಒತ್ತಿದ.

ಅಲ್ಲಿಂದ ಮುಂದೆ ನಡೆದದ್ದನ್ನು ನೋಡಲು ದೇವತೆಗಳು ಛಾವಣಿಯ ತಗಡು ಸರಿಸಿ ಇಣುಕಿದರು. ಕಂಬಿ ಅಲುಗಲಿಲ್ಲ. ಕೈ ಜಾರಿತು. ರೋಲರು ಮೊದಲು ಕಫ್ ತಿಂದಿತು. ರುಚಿ ಹತ್ತಿತು. ತೋಳು ತಿಂದಿತು. ಹೆಗಲು, ಆ ಗಡುಸು ಕಾಲರು, ಕಾಲರಿನ ಮೇಲಿನ ತಲೆ, ತಲೆಯೊಳಗಿನ ಸೊನ್ನೆ, ಎಲ್ಲ ಒಳಗೆ ಹೋಯಿತು. ನಾನು ಕೈಕಟ್ಟಿ ನಿಂತು, ಪ್ಯಾಡು ಸುಡದ ಹಾಗೆ ನೋಡಿಕೊಳ್ಳಿ ಎಂದೆ. ಆ ಕಡೆಯಿಂದ ಬಂದವನನ್ನು ಮಡಚಿದೆ. ಮಡಿಕೆಯ ಒಳಗಿಂದಲೇ ಅವನು, ತಪ್ಪು ನನ್ನದು, ತಪ್ಪು ನನ್ನದು ಎಂದು ಕೂಗುತ್ತಿದ್ದ. ಕ್ರೇಟಿನ ಮೇಲಿಟ್ಟು ಅತ್ತಿಗೆಯ ಎದುರು ಸಾವಿರ ಸಲ ಹೇಳಿಸಿದೆ. ಮೇಡಂ ನನ್ನ ಕೈ ಕುಲುಕಿ, ಇಡೀ ಆಸ್ಪತ್ರೆಯನ್ನೇ ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ ಎಂದರು. ಕಾಯಿಲೆಯವರ ಸಹವಾಸ ನನಗೆ ಬೇಡ ಎಂದು ನಾನೇ ಬಿಟ್ಟುಬಿಟ್ಟೆ.

ನಿನ್ನೆ ಕಥೆ ಇಲ್ಲಿಗೆ ಬಂದಾಗ ಡ್ರೈವರುಗಳು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಟೀಯವನು ಗ್ಲಾಸು ತೊಳೆಯುವುದನ್ನು ಮರೆತಿದ್ದ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಗುಂಡಿ ಒತ್ತಿದ್ದು ಯಾರು?"

ಅತ್ತಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಈಗ ಅವಳಿಗೂ ನನಗೂ ಆ ಗೇಟಿನೊಳಗೆ ಜಾಗವಿಲ್ಲ. ಅವಳು ಬೇರೆ ಕಡೆ ನೆಲ ಒರೆಸುತ್ತಾಳೆ, ನಾನು ಸಿಕ್ಕ ಗ್ಯಾರೇಜಿನಲ್ಲಿ ಎಣ್ಣೆ ಒರೆಸುತ್ತೇನೆ. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನನ್ನ ದನಿ ಕೇಳಿ ನಿಂತಿದ್ದಳು.

ಯಾವ ಗುಂಡಿ ಎಂದು ಟೀಯವನು ಕೇಳಿದ. ನಾನು ಗ್ಲಾಸಿನೊಳಗೆ ನೋಡಿದೆ. ಟೀ ಮುಗಿದು ಗಸಿ ಮಾತ್ರ ಇತ್ತು. ಅತ್ತಿಗೆ ಡ್ರೈವರೊಬ್ಬನನ್ನು ಎಬ್ಬಿಸಿ ನನ್ನ ಎದುರಿನ ಬೆಂಚಿನಲ್ಲಿ ಕೂತಳು.

"ಹೇಳಪ್ಪ. ಇಷ್ಟೆಲ್ಲ ಹೇಳಿದೀಯ. ಇದನ್ನೂ ಹೇಳು."

ಹೇಳಿದೆ. ಇಲ್ಲೂ ಹೇಳುತ್ತೇನೆ.

ಗುಂಡಿ ಒತ್ತಿದವನು ನಾನು.

ಅವನ ಕಫ್ ಸಿಕ್ಕಿತು. ಬೆರಳ ತುದಿಗಳು ಸಂದಿಗೆ ತಾಗಿದವು. ಅವನು ಕಿರುಚಿದ. ದಪ್ಪಕ್ಕನ ಕೈ ಕೆಳಗೇ ಇತ್ತು. ಮಡಿಕೆಯವರ ಕೈ ಕೆಳಗೇ ಇತ್ತು. ಹೀಗೆ ನಿಲ್ಲೋಣ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಇಪ್ಪತ್ತು ಹೆಂಗಸರು ಸುಮ್ಮನೆ ನಿಂತು ನೋಡುತ್ತಿದ್ದರು. ಗುಂಡಿಯ ಪಕ್ಕ ನಾನಿದ್ದೆ. ಇದೇ ಗಳಿಗೆಗೆ ನಾನು ಮನಸ್ಸಿನಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿದ್ದೆ. ಮೊದಲು ರೋಲರು ಎತ್ತಬೇಕು ಸಾರ್ ಎನ್ನುವುದು, ಆ ತುದಿಯ ಚಕ್ರಕ್ಕೆ ನಿಧಾನವಾಗಿ ನಡೆದುಹೋಗುವುದು, ದಾರಿಯಲ್ಲಿ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವುದು. ಸಿಟ್ಟು ನನ್ನ ಮೈಯಲ್ಲೆಲ್ಲ ಇತ್ತು. ಗುಂಡಿಯ ಕಡೆಗಿದ್ದ ನನ್ನ ಕೈಯೊಂದರಲ್ಲಿ ಇರಲಿಲ್ಲ. ಅದು ನನ್ನನ್ನು ಕೇಳದೆ ಹೋಗಿ ಒತ್ತಿಬಿಟ್ಟಿತು.

ರೋಲರು ನಿಂತಿತು. ಎರಡು ಬೆರಳ ತುದಿಯ ಚರ್ಮ ಸುಟ್ಟಿತು, ಉಗುರು ಕಪ್ಪಾಯಿತು. ಅಷ್ಟೇ. ಪ್ಯಾಡು ಸುಟ್ಟು ಕಮಟು ವಾಸನೆ ಎದ್ದಿತು.

ಕಾಲರ್ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಮೊದಲು ಆಡಿದ ಮಾತು, ಹಾಗೇ ನಿಲ್ಲಿಸಿದವನು ಯಾರು, ಪ್ಯಾಡು ಹೋಯಿತಲ್ಲ, ಎಂದು. ಆಮೇಲೆ ಮೇಡಂ ಇದ್ದಾರೆ ಎಂಬುದು ನೆನಪಾಯಿತು. ಮುಖ ಒರೆಸಿಕೊಂಡ. ನೋಡಿ ಮೇಡಂ, ಕೂದಲೆಳೆ ನಡೆದರೆ ನಾವು ಮುಚ್ಚಿಡುವುದಿಲ್ಲ, ಕಂಬಿ ನೋಡಿಕೊಳ್ಳಬೇಕಾದವನು ಇವನು, ಇವನ ಬಾಯಿಂದಲೇ ಕೇಳಿ, ಎಂದ. ಕ್ರೇಟು ಬಂತು. ಮೇಡಂ ಬರುತ್ತಾರೆಂದು ಅತ್ತಿಗೆಯ ಮೈಯಿಂದ ತೆಗೆಸಿಟ್ಟಿದ್ದ ಕೆಂಪಂಗಿ ಬಂತು. ಹತ್ತೋ ಎಂದ.

ಹತ್ತಿದೆ. ಯಾರೂ ನನ್ನನ್ನು ದೂಡಲಿಲ್ಲ. ಅವನ ಕೈ ಉಳಿಸಿದವನು ನಾನು, ಅವನು ಹತ್ತೋ ಅಂದ ಕೂಡಲೇ ಹತ್ತಿದವನೂ ನಾನು. ಕ್ರೇಟಿನ ಮೇಲೆ ನಿಂತರೆ ಎಲ್ಲರ ನೆತ್ತಿ ಕಾಣುತ್ತದೆ, ಯಾರ ಕಣ್ಣೂ ಕಾಣುವುದಿಲ್ಲ. ಬಲಗೈಯನ್ನು ಅಂಗಿಯೊಳಗೆ ತೂರಿಸಿದೆ. ಬಾಯಿ ತೆರೆದೆ. 'ತಪ್ಪು' ಎನ್ನುವವರೆಗೆ ಮಾತು ಬಂದಿತ್ತು.

ಅತ್ತಿಗೆ ನನ್ನ ಎಡಗೈ ಹಿಡಿದಳು. ಬೆರಳು ಹೋದ ಕೈಯಿಂದಲೇ ಹಿಡಿದಳು. ದನಿ ಏರಿಸದೆ, ಮೇಡಂ ಕಡೆ ತಿರುಗಿ ಹೇಳಿದಳು.

"ತಪ್ಪು ಇವನದೇ. ನಿಲ್ಲಿಸಬಾರದಾಗಿತ್ತು."

ಆಮೇಲೆ ದಪ್ಪಕ್ಕ ಚಪ್ಪಾಳೆ ತಟ್ಟಿದಳು. ತಪ್ಪು ಹೇಳಿದ ಮೇಲೆ ತಟ್ಟಬೇಕು ಎನ್ನುವುದು ಅವನದೇ ನಿಯಮ. ಮಡಿಕೆಯವರು ತಟ್ಟಿದರು. ಅಕ್ಕತಂಗಿಯರು ತಟ್ಟಿದರು. ಒದ್ದೆ ಕೈಗಳ ಚಪ್ಪಾಳೆಯ ಸದ್ದು ಕೆನ್ನೆಗೆ ಬಾರಿಸಿದ ಸದ್ದಿನ ಹಾಗಿರುತ್ತದೆ. ಸಾಕು ಎಂದ ಕಾಲರ್. ಬಿಡಲಿಲ್ಲ. ಅವನು ಒಂದೊಂದೇ ಮುಖ ನೋಡುತ್ತ ಹೋದ. ದಿನಾ ಅವನ ಎದುರು ತಲೆ ತಗ್ಗಿಸಿ ನಿಲ್ಲುತ್ತಿದ್ದ ಮುಖಗಳೇ. ಅವನ ಕೈ ಹೋಗಬೇಕಿತ್ತು ಎಂದು ಒಂದೊಂದು ಮುಖವೂ ಕಣ್ಣಲ್ಲಿ ಕಣ್ಣಿಟ್ಟು ತಟ್ಟುತ್ತಿತ್ತು. ಅವನು ಹಿಂದೆ ಸರಿಯುತ್ತ ಸರಿಯುತ್ತ ಬಾಗಿಲು ಮುಟ್ಟಿದ. ಮೇಡಂ ಪೆನ್ನು ಮುಚ್ಚಿ ನಡೆದುಬಿಟ್ಟರು. ಆ ಆಸ್ಪತ್ರೆಯ ಬಟ್ಟೆ ಬರಲಿಲ್ಲ. ಸಂಜೆಯೊಳಗೆ ನಮ್ಮಿಬ್ಬರನ್ನೂ ಗೇಟಿನಾಚೆ ಹಾಕಿದರು.

ಅತ್ತಿಗೆ ಕೇಳಬೇಕೆಂದಿದ್ದ ಆ ಮಾತನ್ನು ಅವನು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಅವನನ್ನು ಬೇರೆ ಲಾಂಡ್ರಿಗೆ ಕಳಿಸಿದ್ದಾರಂತೆ. ಅಲ್ಲಿಯೂ ರೋಲರು ಇರುತ್ತದೆ.

ಡ್ರೈವರುಗಳು ನಗುತ್ತಿರಲಿಲ್ಲ. ನೀನು ನಿಲ್ಲಿಸಿದ್ದು ಒಳ್ಳೆಯದೇ ಆಯಿತು ಎಂದು ಒಬ್ಬ ಅತ್ತಿಗೆಯ ಮುಖ ನೋಡುತ್ತ ಹೇಳಿದ.

"ಅಲ್ಲ," ಎಂದಳು ಅತ್ತಿಗೆ. "ನಾನು ಈಗಲೂ ಹಾಗೆ ಅಂದುಕೊಳ್ಳೋದಿಲ್ಲ."

ಟೀಯವನು ಗ್ಲಾಸುಗಳನ್ನು ನೀರಿಗೆ ಹಾಕಿದ. ಅವನಿಗೆ ನನ್ನ ಮೇಲೆ ಕರುಣೆ ಬಂದಿರಬೇಕು.

"ಹೋಗ್ಲಿ ಬಿಡು ಬಡಾಯಿ, ಆ ಚಪ್ಪಾಳೆನಾದ್ರೂ ನೀನು ತಟ್ಟಿದೆ ತಾನೇ?"

ಛಾವಣಿ ಹಾರಿಹೋಗುವ ಹಾಗೆ ತಟ್ಟಿದೆ ಎನ್ನಲು ಬಾಯಿ ತೆರೆದೆ. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು.

"ಇಲ್ಲ," ಅಂದೆ. "ಒಂದು ಕೈ ಅಂಗಿಯೊಳಗಿತ್ತು. ಇನ್ನೊಂದನ್ನ ಅತ್ತಿಗೆ ಹಿಡ್ಕೊಂಡಿದ್ಲು."